ತಾಚಿವಾಳ ಲಾರಿ

ಅಗ್ನಿಶಾಮಕ ದಳದ ಗಾಡಿ ಓಡಿಸಿಕೊಂಡಿದ್ದ ಎಬೋ ನಿವೃತ್ತನಾಗಿ ಮನೆಗೆ ಬಂದು ಕೂತ ಮೇಲೆ ಅವನ ಹೆಂಡತಿ ಮಾನ್ಸಾಗೆ ಎರಡು ಅಡ್ಡಿಗಳಾದವು. ಒಂದು ಗಂಡ, ಇನ್ನೊಂದು ಅಂಗಳದಲ್ಲಿ ನಿಂತ ಲಾರಿ. ಗಂಡನನ್ನು ಎಲ್ಲಿಗೂ ಕಳಿಸುವ ಹಾಗಿರಲಿಲ್ಲ. ಲಾರಿಯನ್ನಾದರೂ ಕಳಿಸೋಣ ಎಂದು ಅವಳು ನಿಶ್ಚಯಿಸಿದಳು.

ಅವಳ ಮಾವ ಕ್ವಾನ್ಸಾ ಬದುಕಿದ್ದಾಗ ಸ್ವೇದ್ರುವಿನಿಂದ ಕಡಲ ದಂಡೆಯ ಮಂಫರ್ಡಿಗೆ ದಿನಾ ಓಡುತ್ತಿದ್ದ ಬೆಡ್‌ಫೋರ್ಡ್ ಅದು. ಮುಂದೆ ಕಬ್ಬಿಣದ ಮೂತಿ, ಹಿಂದೆ ಮರದ ಮೈ, ಒಳಗೆ ಹಲಗೆಯ ಬೆಂಚುಗಳು. ಹೋಗುವಾಗ ಜನ ಮತ್ತು ಮರಗೆಣಸು, ಬರುವಾಗ ಜನ ಮತ್ತು ಮೀನು. ಅವನು ತೀರಿಕೊಂಡ ವಾರದಿಂದ ಅದು ಬೇವಿನ ಮರದ ಕೆಳಗೆ ನಿಂತದ್ದು ನಿಂತೇ ಇತ್ತು. ಚಕ್ರ ಅರ್ಧ ಮಣ್ಣಿನಲ್ಲಿ ಹೂತಿತ್ತು. ಡ್ರೈವರ್ ಸೀಟಿನ ಕೆಳಗೆ ಕೋಳಿಗಳು ಕಾವು ಕೂರುತ್ತಿದ್ದವು. ಹಿಂದಿನ ಬೆಂಚುಗಳ ಮೇಲೆ ಮಾನ್ಸಾ ಸೌದೆ ಪೇರಿಸಿದ್ದಳು.

ಮಾನ್ಸಾ ಕೆಂಕೆ ಮಾಡಿ ಮಾರುವವಳು. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಅರ್ಧ ಬೇಯಿಸಿ, ತೊಳಸಿ, ಒಣಗಿದ ಬಾಳೆ ಎಲೆಯಲ್ಲಿ ಸುತ್ತಿ, ಮತ್ತೆ ಬೇಯಿಸಿ, ಪೇಟೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಈಗ ಹುಡುಗಿಯರ ವಸತಿ ಶಾಲೆಯ ಅಡುಗೆಮನೆಯವರು ಮುಂದಿನ ಅವಧಿಯಿಂದ ಹಾಸ್ಟೆಲ್ಲಿಗೆಲ್ಲ ನಿನ್ನದೇ ಕೆಂಕೆ ಅಂದುಬಿಟ್ಟಿದ್ದರು. ಇರುವ ಒಲೆ ಸಾಲದು. ದೊಡ್ಡ ಒಲೆ ಹಾಕಿ ಮೇಲೊಂದು ಮಾಡು ಕಟ್ಟಬೇಕು. ಅಂಗಳದಲ್ಲಿ ಅದಕ್ಕೆ ಇದ್ದ ಜಾಗ ಒಂದೇ, ಲಾರಿ ನಿಂತಿದ್ದ ಜಾಗ.

"ಗುಜರಿಯವನನ್ನು ಕರೀರಿ" ಅಂದಳು ಗಂಡನಿಗೆ.

"ಅಮ್ಮನ್ನ ಒಂದು ಮಾತು ಕೇಳಿ..."

"ನೀವು ಕೇಳ್ತೀರಿ. ಅವರು ಬೇಡ ಅಂತಾರೆ. ನೀವು ಆಯ್ತು ಅಂತೀರಿ. ಇದು ನನಗೆ ಗೊತ್ತಿಲ್ವಾ?"

ಎಬೋಗೂ ಗೊತ್ತಿತ್ತು. ಹಾಗಾಗಿ ಅವನು ಕೇಳದೆಯೇ ಗುಜರಿಯವನಿಗೆ ಹೇಳಿ ಕಳಿಸಿದ. ಅಮ್ಮ ತಾಚಿವಾ ಚರ್ಚಿಗೆ ಹಾಡಲು ಹೋಗುವ ದಿನ ನೋಡಿ ಬರಹೇಳಿದ.

ಆ ದಿನ ಹಾಡು ಕಲಿಸುವವನಿಗೆ ಹಲ್ಲುನೋವು. ತಾಚಿವಾ ಬೇಗ ಹಿಂತಿರುಗಿದಳು. ಅಂಗಳದಲ್ಲಿ ಇಬ್ಬರು ಸುತ್ತಿಗೆ ಹಿಡಿದುಕೊಂಡು ಲಾರಿಯ ಮೂತಿ ತಟ್ಟಿ ನೋಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಎಬೋ ಅಮ್ಮನ ಮುಖ ಕಂಡೊಡನೆ ಆಕಾಶ ನೋಡತೊಡಗಿದ. ಮುದುಕಿ ಕೈಚೀಲವನ್ನು ಸೊಸೆಯ ಕೈಗೆ ಕೊಟ್ಟಳು, ಚರ್ಚಿಗೆಂದು ಸೀರೆಯಂತೆ ಸುತ್ತಿಕೊಂಡಿದ್ದ ಬಿಳಿ ಬಟ್ಟೆಯನ್ನು ಮಂಡಿಯ ತನಕ ಎತ್ತಿ ಕಟ್ಟಿದಳು, ಲಾರಿ ಹತ್ತಿ ತನ್ನ ಹಳೆಯ ಜಾಗದಲ್ಲಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡಳು. ಎಳೆದ ಹಿಡಿ ಕೈಗೇ ಬಂತು.

ಗುಜರಿಯವನು ಸ್ವಲ್ಪ ಹೊತ್ತು ಕಾದ. "ಅಜ್ಜಿ ಸಮೇತ ತೂಕ ಹಾಕಬೇಕಾ?" ಅಂತ ಕೇಳಿ, ಯಾರೂ ನಗದ್ದನ್ನು ನೋಡಿ ಹೊರಟುಹೋದ.

ಮಧ್ಯಾಹ್ನವಾಯಿತು. ಮಾನ್ಸಾ ಕಿಟಕಿಯ ಕೆಳಗೆ ಬಂದು ನಿಂತಳು.

"ಅತ್ತೆ, ಇಳೀರಿ. ಊಟ ಆರಿಹೋಗ್ತಿದೆ."

"ಏನು ಮಾಡಿದ್ದೀಯಾ?"

"ಕಡಲೆಕಾಯಿ ಸಾರು."

"ಮೀನಿನದಾ, ಕೋಳಿಯದಾ?"

"ಮೀನು."

"ಇಲ್ಲಿಗೇ ಕೊಡು."

ಮಾನ್ಸಾ ಕೊಟ್ಟಳು. ಮುದುಕಿ ಅಲ್ಲೇ ಉಂಡು ಕೈ ತೊಳೆದು ನೀರನ್ನು ಕಿಟಕಿಯಿಂದ ಚೆಲ್ಲಿದಳು. ಅದು ಎಬೋನ ಕಾಲ ಬಳಿ ಬಿತ್ತು.

ಸಂಜೆ ಅವಳು ಇಳಿದು ಬಂದ ಮೇಲೆ ನಾಲ್ಕೂ ಜನ ಒಲೆಯ ಸುತ್ತ ಕೂತರು. ನಾಲ್ಕನೆಯವಳು ಎಬೋ ಮಾನ್ಸಾರ ಮಗಳು ಎಸಾಬಾ. ಪ್ರಾಥಮಿಕ ಶಾಲೆಯಲ್ಲಿ ಮೇಡಂ, ರಜೆಗೆ ಮನೆಗೆ ಬಂದಿದ್ದಳು.

"ಆ ಲಾರಿ ಯಾರದು?" ತಾಚಿವಾ ಮಗನನ್ನು ಕೇಳಿದಳು.

"ನಿಂದೇ ಅಮ್ಮ."

"ನಾನು ಮೀನಿಗೆ ಹೊಗೆ ಹಾಕಿ ಒಣಗಿಸಿ ಮಾರಿ ಮಾರಿ, ಕಣ್ಣು ಕೆಂಪು ಮಾಡ್ಕೊಂಡು ತಗೊಂಡಿದ್ದು. ನಿಮ್ಮಪ್ಪ ಓಡಿಸಿದ. ತಗೊಂಡೋಳು ನಾನು."

"ಯಾರು ಇಲ್ಲ ಅಂದ್ರು?"

"ಗುಜರಿಯವನಿಗೆ ಮಾತ್ರ ಗೊತ್ತಿರಲಿಲ್ಲ."

ಮಾನ್ಸಾ ಸೌಟನ್ನು ಕೆಳಗಿಟ್ಟಳು. "ಅತ್ತೆ, ನಿಮ್ಮದೇ ಅಂತಿಟ್ಟುಕೊಳ್ಳಿ. ನನಗೆ ಅದರ ಮೇಲೆ ದ್ವೇಷ ಇಲ್ಲ. ಅದು ನಿಂತಿರೋ ನೆಲ ಬೇಕು ನನಗೆ. ಲಾರಿ ಅಂದ್ರೆ ಓಡ್ಬೇಕು. ಓಡ್ಸಿ ಆಚೆ ನಿಲ್ಸಿ. ನಾನು ಯಾಕೆ ಮಾತಾಡ್ಲಿ?"

"ಓಡ್ಸೋದೇ" ಅಂದಳು ಮುದುಕಿ.

"ಯಾರು?"

"ಇಲ್ಲಿ ಕೂತು ದಿನಾ ನಿನ್ನ ಬೆಂಕಿಗೆ ಹೀಗೆ ಊದು, ಹಾಗೆ ಊದು ಅಂತ ಹೇಳ್ತಾನಲ್ಲ, ಇವನು."

ಎಬೋ ಬೇಡ ಅನ್ನುವಂತೆ ತಲೆಯಾಡಿಸಿದ. ಆದರೆ ಅವನ ಕಣ್ಣು ಆಗಲೇ ಬೇವಿನ ಮರದ ಕಡೆ ಹೋಗಿತ್ತು. ಎಸಾಬಾ ಅದನ್ನು ನೋಡಿ ನಕ್ಕಳು.

ಒಪ್ಪಂದವಾಯಿತು. ವಸತಿ ಶಾಲೆ ತೆರೆಯುವುದರೊಳಗೆ ಲಾರಿ ಗೇಟು ದಾಟಿ ರಸ್ತೆಯಲ್ಲಿ ಓಡಬೇಕು. ಇಲ್ಲದಿದ್ದರೆ ಗುಜರಿಯವನು ಬರುತ್ತಾನೆ, ಮುದುಕಿ ಒಳಗೆ ಕೂರುವಂತಿಲ್ಲ. ಕೆಂಕೆಯ ದುಡ್ಡಿನಲ್ಲಿ ಒಂದು ಕಾಸೂ ಅದಕ್ಕೆ ಹೋಗುವಂತಿಲ್ಲ. ಎಬೋ ತನ್ನ ನಿವೃತ್ತಿಯ ಹಣದಿಂದ, ತಾಚಿವಾ ತನ್ನ ಪೆಟ್ಟಿಗೆಯಿಂದ ಹಾಕಬೇಕು.

ಮರುದಿನದಿಂದ ಮನೆಯ ರೀತಿಯೇ ಬದಲಾಯಿತು. ಹೊತ್ತೇರುವ ತನಕ ಮಲಗುತ್ತಿದ್ದ ಎಬೋ ಮಾನ್ಸಾಗಿಂತ ಮೊದಲೇ ಎದ್ದು ಲಾರಿಯ ಕೆಳಗೆ ತೂರಿಕೊಳ್ಳುತ್ತಿದ್ದ. ಚಿಕ್ಕಂದಿನಲ್ಲಿ ಅದೇ ಲಾರಿಯ ಹಿಂದೆ ಜೋತುಬಿದ್ದು "ಮಂಫರ್ಡ್, ಮಂಫರ್ಡ್" ಅಂತ ಕೂಗಿ ಜನ ಹತ್ತಿಸಿದವನು ಅವನು. ಎಂಜಿನ್ನಿನ ತಲೆ ಬಿಚ್ಚಿದ. ಒಳಗೆ ಇಲಿಯ ಗೂಡಿತ್ತು. ಎಸಾಬಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದಳು. ತಾಚಿವಾ ಸ್ಟೂಲು ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತ ಇಬ್ಬರಿಗೂ ಆಜ್ಞೆ ಕೊಟ್ಟಳು. ಹಳೆ ಹಲಗೆಗಳನ್ನು ಗೆದ್ದಲು ತಿಂದಿತ್ತು. ಬಡಗಿ ಒಟೂ ಬಂದು ಬೆರಳಲ್ಲಿ ಒತ್ತಿ ನೋಡಿ, "ಇದು ಮರ ಅಲ್ಲ, ಬಿಸ್ಕತ್ತು" ಅಂದ. ಹೊಸ ಮೈ ಕಟ್ಟಲು ಒಪ್ಪಿಕೊಂಡು, ಮಧ್ಯಾಹ್ನದ ಊಟವೂ ಸೇರಿದರೆ ಕೂಲಿ ಸ್ವಲ್ಪ ಕಡಿಮೆ ಮಾಡುತ್ತೇನೆ ಅಂದ. ಆಮೇಲೆ ಅವನು ಉಣ್ಣುವುದನ್ನು ನೋಡಿ, ಕೂಲಿಯೇ ಜಾಸ್ತಿ ಕೊಡಬಹುದಿತ್ತು ಅಂತ ಮಾನ್ಸಾ ಅಂದುಕೊಂಡಳು.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ನೆನೆಹಾಕಿದ ಜೋಳ, ಒಂದು ಕಡೆ ಗೇರ್ ಪೆಟ್ಟಿಗೆ. ಬಾಳೆ ಎಲೆಯ ಕಟ್ಟಿನ ಮೇಲೆ ಸ್ಪ್ಯಾನರು. ಮಾನ್ಸಾ ಮೊದಲ ವಾರ ಹಲ್ಲು ಕಚ್ಚಿಕೊಂಡಳು. ಎರಡನೆಯ ವಾರ ಒಂದು ಬೆಳಿಗ್ಗೆ ಹಿಟ್ಟು ತೊಳಸಲು ಕೂತವಳು ಮೂಗು ಮುರಿದಳು. ಹಿಟ್ಟನ್ನು ಬೆರಳಿನಲ್ಲಿ ತೆಗೆದು ಮೂಸಿದಳು.

"ಎಬೋ!"

ಲಾರಿಯ ಕೆಳಗಿಂದ ಎರಡು ಕಾಲು ಅಲುಗಿದವು.

"ಈ ಬೋಗುಣಿಯಲ್ಲಿ ಏನು ತೊಳೆದ್ರಿ?"

"ಯಾವ ಬೋಗುಣಿ?"

"ಹೊರಗೆ ಬಂದು ನೋಡಿ ಯಾವ ಬೋಗುಣಿ ಅಂತ!"

ಎಬೋ ಹೊರಗೆ ಬಂದ. ನೋಡಿದ. "ಸೋಪು ಹಾಕಿ ತಿಕ್ಕಿದ್ದೆ ಕಣೇ, ಆಮೇಲೆ."

"ಡೀಸೆಲ್ಲಿಗೆ ಸೋಪಾ? ಇಡೀ ಹಿಟ್ಟು ಹೋಯ್ತು! ನಾನು ಇವತ್ತು ಪೇಟೇಲಿ ಏನು ಮಾರ್ಲಿ? ನಿಮ್ಮ ಬೋಲ್ಟು ನಟ್ಟು ಎಲೇಲಿ ಸುತ್ತಿ ಮಾರ್ಲಾ?"

"ಕೋಳಿಗೆ ಹಾಕಿದ್ರೆ..."

"ಕೋಳಿ ಓಡಾಡುತ್ತೆ ಆಮೇಲೆ, ಹೊಗೆ ಬಿಟ್ಕೊಂಡು!"

ತಾಚಿವಾಗೆ ನಗು ತಡೆಯಲಾಗಲಿಲ್ಲ. ಅದೇ ತಪ್ಪಾಯಿತು. ಮಾನ್ಸಾ ಅತ್ತೆಯ ಕಡೆ ತಿರುಗಿ, ಮದುವೆಯಾಗಿ ಬಂದಾಗಿನಿಂದ ನುಂಗಿಕೊಂಡದ್ದನ್ನೆಲ್ಲ ಅವತ್ತು ಆಡಿದಳು. ಈ ಮನೆಯಲ್ಲಿ ಸತ್ತ ಲಾರಿಗಿರುವ ಬೆಲೆ ಬದುಕಿರುವ ಹೆಂಗಸಿಗಿಲ್ಲ, ಬೆಳಿಗ್ಗೆಯಿಂದ ತೋಳು ಬೀಳುವಂತೆ ಹಿಟ್ಟು ತೊಳಸುವವಳು ಒಬ್ಬಳೇ, ತಿನ್ನುವಾಗ ಮಾತ್ರ ಎಲ್ಲರೂ ಎಂದಳು. ಮುದುಕಿ ನಗು ನಿಲ್ಲಿಸಿ ಕಡಲೆಕಾಯಿಯ ತಟ್ಟೆಯನ್ನು ಬದಿಗಿಟ್ಟಳು.

"ಎಬೋ, ಕೈ ತೊಳಿ. ಸರಿಯಾಗಿ ತೊಳಿ. ಇನ್ಮೇಲೆ ಹಿಟ್ಟು ತೊಳಸೋದು ನೀನು. ಆಮೇಲೆ ಲಾರಿ."

"ನನಗೆ ಬರಲ್ಲ ಅಮ್ಮ."

"ಬೆಂಕಿ ಆರಿಸೋಕೆ ಬರ್ತಿತ್ತಾ ನಿನಗೆ ಮೊದಲು? ಕಲ್ತೆ."

ಅಂದಿನಿಂದ ದಿನಾ ಎಬೋ ಮರದ ಹುಟ್ಟಿನಂಥ ಸೌಟು ಹಿಡಿದು ದೊಡ್ಡ ಪಾತ್ರೆಯ ಮುಂದೆ ನಿಂತ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. "ತಲೆ ಹಿಂದೆ ಇಟ್ಕೊಳ್ರೀ, ಉಪ್ಪು ಆಗ್ಲೇ ಹಾಕಿದ್ದೀನಿ" ಅನ್ನುತ್ತಿದ್ದಳು ಮಾನ್ಸಾ. ಗಂಡ ಹಿಟ್ಟು ತೊಳಸುವುದು ನೋಡಲು ಪಕ್ಕದ ಮನೆಯ ಹೆಂಗಸರು ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅವನಿಗೆ ಕೈ ಕೂಡಿತು. ಮಾನ್ಸಾ ಹೊರಗೆ ಹೇಳಲಿಲ್ಲ, ಆದರೆ ಅವನ ಊಟದ ತಟ್ಟೆಗೆ ಮೀನಿನ ನಡುತುಂಡು ಬೀಳತೊಡಗಿತು.

ಎಬೋನ ತಮ್ಮ ಫೀಫಿ ತಕೊರಾಡಿಯ ಬಂದರಿನಲ್ಲಿ ಕೆಲಸಕ್ಕಿದ್ದ. ಲಾರಿಯ ಸುದ್ದಿ ಕೇಳಿ ಒಂದು ಭಾನುವಾರ ಬಂದ. ಬರುವಾಗ ಎಲ್ಲೋ ಹುಡುಕಿ ತಂದ ಎರಡು ದುಂಡು ಹೆಡ್‌ಲೈಟುಗಳನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಒಟೂ ಕಟ್ಟಿದ ಹೊಸ ಮೈಯನ್ನು ಸುತ್ತು ಬಂದು ಸವರಿದ. ಅವನ ಕಣ್ಣು ಒದ್ದೆಯಾಯಿತು.

ಅಂಗಳದಲ್ಲಿ ಎಬೋ ಒನಕೆ ಎತ್ತಿ ಹಾಕುತ್ತಿದ್ದ, ಮಾನ್ಸಾ ಒರಳಿನಲ್ಲಿ ಬೆಂದ ಮರಗೆಣಸಿನ ಫುಫು ಮುದ್ದೆ ಮಗುಚುತ್ತಿದ್ದಳು. ಒನಕೆ ಬೀಳುವುದಕ್ಕೂ ಅವಳ ಕೈ ಹೊರಗೆ ಬರುವುದಕ್ಕೂ ಕೂದಲೆಳೆಯ ಅಂತರ.

"ಅಣ್ಣ, ಬಣ್ಣ ಅದೇ ನೀಲಿ ತಾನೆ?" ಫೀಫಿ ಕೇಳಿದ.

"ಅದೇ. ಅಪ್ಪ ಹೊಡೆಸಿದ್ದೇ. ಹಣೆ ಮೇಲೆ ಬಿಳಿ ಅಕ್ಷರ. ಎಸಾಬಾ ಆಗ್ಲೇ ಕಾಗದದ ಮೇಲೆ ಬರೆದಿಟ್ಟಿದ್ದಾಳೆ."

"ಅವಳನ್ನೇ ಕೇಳಿ!" ಫೀಫಿ ಖುಷಿಯಿಂದ ಕೂಗಿದ. ಲಾರಿಯ ಹಣೆಯ ಮೇಲೆ ಇದ್ದ ಬರಹ ಅದು. ಊರಿಗೆಲ್ಲ ಆ ಲಾರಿ ಗೊತ್ತಿದ್ದದ್ದು ಅದರಿಂದಲೇ. ಬಾಡಿಗೆ ಎಷ್ಟು, ಯಾವಾಗ ಹೊರಡೋದು, ಈ ಮೂಟೆಗೆ ಜಾಗ ಇದೆಯಾ ಅಂತ ಯಾರು ಏನು ಕೇಳಿದರೂ ಕ್ವಾನ್ಸಾ ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ಹೆಬ್ಬೆರಳು ತೋರಿಸಿ ಅಷ್ಟೇ ಹೇಳುತ್ತಿದ್ದ.

"ಬೇಡ" ಅಂದಳು ತಾಚಿವಾ.

ಒನಕೆ ನಿಂತಿತು.

"ಏನು ಬೇಡ?"

"ನೀಲಿ ಬೇಡ. ಆ ಬರಹನೂ ಬೇಡ. ನನಗೆ ಹಳದಿ ಬೇಕು."

ಫೀಫಿ ನಕ್ಕ. "ಅಮ್ಮ, ಇದು ಅಪ್ಪನ ಲಾರಿ..." ಅಂದವನು ನಾಲಗೆ ಕಚ್ಚಿಕೊಂಡ. "ಅಂದ್ರೆ, ಅಪ್ಪನ ನೆನಪು."

"ಆ ಲಾರಿ ತಗೊಳ್ಳೋವಾಗ್ಲೇ ನಾನು ಹಳದಿ ಅಂದಿದ್ದೆ. ಅವನು ಸರಿ ಅಂದ. ನಾನು ನಿನ್ನ ಹೆರೋಕೆ ಮಂಫರ್ಡಿಗೆ ಹೋದೆ. ನಿನ್ನ ಎತ್ತಿಕೊಂಡು ತಿರುಗಿ ಬಂದ್ರೆ ನಿಲ್ದಾಣ ತುಂಬಾ ನಗು. ನೀಲಿ ಬಣ್ಣ, ಹಣೆ ಮೇಲೆ ಆ ಮಾತು. ಅವತ್ತಿಂದ ನನಗೆ ಹೆಸರಿಲ್ಲ. ಮೀನು ಪೇಟೇಲಿ 'ಏ, ಅವಳನ್ನೇ ಕೇಳಿ, ಬಾ ಇಲ್ಲಿ.' ಚರ್ಚಲ್ಲಿ 'ಅವಳನ್ನೇ ಕೇಳಿ ಕಾಣಿಕೆ ಹಾಕಿದ್ಲಾ?' ನಿಮ್ಮಪ್ಪನ ಮಣ್ಣಿನ ದಿನ ಪಾದ್ರಿ ಕೂಡ ಅದೇ ಹೇಳಿ ಎಲ್ಲರನ್ನೂ ನಗಿಸಿದ."

"ನೀನೂ ನಕ್ಕೆಯಲ್ಲಮ್ಮ" ಅಂದ ಎಬೋ. "ನಾನು ನೋಡಿದ್ದೀನಿ. ಯಾವಾಗ್ಲೂ ನಗ್ತಿದ್ದೆ."

"ಇನ್ನೇನು ಮಾಡ್ಲಿ? ಗಂಡ ಒಳ್ಳೇವನು. ಹೊಡೀಲಿಲ್ಲ, ಕುಡೀಲಿಲ್ಲ. ತಮಾಷೆ ಮಾಡ್ದ. ತಮಾಷೆಗೆ ಅಳೋಕಾಗುತ್ತಾ?"

"ಪ್ರೀತಿಯಿಂದ ಬರೆಸಿದ್ದು ಅಮ್ಮ ಅದು."

"ಇರಬಹುದು. ನನ್ನ ಕೇಳಲಿಲ್ಲ."

ಫೀಫಿ ಎದ್ದು ನಿಂತ. ಅಪ್ಪ ಹೋದ ಮೇಲೆ ಉಳಿದಿರುವುದು ಅದೊಂದೇ, ಅದನ್ನೂ ಉಜ್ಜಿ ಹಾಕಿದರೆ ಏನುಳಿಯಿತು, ಹಳದಿ ಬಣ್ಣ ಹೊಡೆದ ಯಾವ ಲಾರಿಯಾದರೆ ಏನು, ಅದಕ್ಕೆ ತಾನು ಊರೂರು ಅಲೆದು ಹೆಡ್‌ಲೈಟು ಹುಡುಕಬೇಕಿತ್ತೆ ಅಂದ. ಅವನ ದನಿ ಏರಿತು. ಎಬೋ ತಮ್ಮನ ಪರವೇ ಮಾತಾಡಿದ. ಊರವರು ಆ ಹೆಸರು ನೋಡಲು ಕಾಯುತ್ತಿದ್ದಾರೆ ಅಂದ.

ಆಗ ಮಾನ್ಸಾ ಕೈಗೆ ಮೆತ್ತಿದ ಫುಫು ತೆಗೆಯುತ್ತ ಹೇಳಿದಳು: "ಅವರ ಲಾರಿ, ಅವರ ಬಣ್ಣ. ಇದರಲ್ಲಿ ಇಷ್ಟು ಮಾತ್ಯಾಕೆ?"

ಎಲ್ಲರೂ ಅವಳನ್ನು ನೋಡಿದರು. ತಾಚಿವಾ ಹೆಚ್ಚು ಹೊತ್ತು ನೋಡಿದಳು.

"ನೀನು ಗುಜರಿಗೆ ಹಾಕು ಅಂದೋಳು!" ಅಂದ ಎಬೋ.

"ಈಗಲೂ ಅಂತೀನಿ. ಗುಜರಿಗೆ ಹೋಗುತ್ತೋ ರಸ್ತೆಗೆ ಹೋಗುತ್ತೋ, ಹಳದಿಯಾಗಿ ಹೋಗಲಿ."

ಫೀಫಿ ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೊರಟ. ಮಾನ್ಸಾ ಹಿಂದೆ ಓಡಿ ಹೋಗಿ ಒಂದು ಡಬ್ಬಿ ಸಾರು ಅವನ ಕೈಗೆ ತುರುಕಿ ಬಂದಳು. ಸಿಟ್ಟಿನಲ್ಲಿದ್ದರೂ ಅವನು ಅದನ್ನು ಬಿಟ್ಟು ಹೋಗಲಿಲ್ಲ. ಹೆಡ್‌ಲೈಟುಗಳನ್ನೂ ವಾಪಸು ಒಯ್ಯಲಿಲ್ಲ.

ಎಬೋ ಮರುದಿನದಿಂದ ಲಾರಿಯನ್ನು ಮುಟ್ಟಲಿಲ್ಲ. ಹಿಟ್ಟು ತೊಳಸಿ, ಸ್ನಾನ ಮಾಡಿ, ಬಸ್ ನಿಲ್ದಾಣದ ಮರದ ಕೆಳಗೆ ಚೌಕದ ಮಣೆಯ ಮೇಲೆ ಕಾಯಿ ಆಡಲು ಹೋಗುತ್ತಿದ್ದ. ಊಟಕ್ಕೆ ಬಂದು ಸುಮ್ಮನೆ ಉಂಡು ಹೋಗುತ್ತಿದ್ದ. ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿತ್ತು.

"ಅವನು ಬರಲ್ಲ" ಅಂದಳು ತಾಚಿವಾ. "ಅವರಪ್ಪನ ಹಾಗೇ. ಮುನಿಸಿಕೊಂಡ್ರೆ ಹೊಟ್ಟೆ ತುಂಬಾ ಉಂಡೇ ಮುನಿಸಿಕೊಳ್ತಾನೆ."

"ನಮಗೆ ಕೈ ಇಲ್ವಾ ಅಜ್ಜಿ?" ಅಂದಳು ಎಸಾಬಾ.

ಇಬ್ಬರೂ ಪೇಟೆಗೆ ಹೋಗಿ ಬಣ್ಣ ತಂದರು. ಅಂಗಡಿಯವನು ತೋರಿಸಿದ ಹಳದಿಗಳಲ್ಲಿ ಯಾವುದೂ ತಾಚಿವಾಗೆ ಸರಿಬರಲಿಲ್ಲ. ಒಂದು ಕಾಮಾಲೆ ಅಂದಳು, ಒಂದು ಮಗುವಿನ ಹೇಲು ಅಂದಳು. ಕೊನೆಗೆ ಮಾಗಿದ ಮಾವಿನ ತಿರುಳಿನಂಥದ್ದು ಸಿಕ್ಕಿತು. ಎಸಾಬಾ ಬಾಗಿಲಿಗೆ ಹಚ್ಚಿದಳು, ಮುದುಕಿ ಸ್ಟೂಲಿನ ಮೇಲೆ ಕೂತು ಕೈಗೆಟಕುವಷ್ಟು ಹಲಗೆಗೆ ಹಚ್ಚಿದಳು. ಪೇಟೆಯಿಂದ ಬಂದ ಮಾನ್ಸಾ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅತ್ತೆ, ಬ್ರಷ್ಷು ಹಾಗೆ ಹಿಡಿಯೋದಾ? ಕೊಡಿ ಇಲ್ಲಿ."

ಮೂರು ದಿನ ಮೂವರೂ ಹಚ್ಚಿದರು. ಕೆಂಕೆಯ ಎಲೆಗಳ ಮೇಲೆ ಹಳದಿ ಹೆಬ್ಬೆಟ್ಟಿನ ಗುರುತು ಬೀಳತೊಡಗಿತು. "ಇದೇನು ಮಾನ್ಸಾ, ಸಹಿ ಹಾಕಿ ಮಾರ್ತಿದ್ದೀಯಾ?" ಅಂತ ಪೇಟೆಯಲ್ಲಿ ಕೇಳಿದರು. ಕೆಲಸದ ನಡುವೆ ಅತ್ತೆ ಸೊಸೆ ಮಾತಾಡುತ್ತಿದ್ದರು. ಮೀನಿಗೆ ಹೊಗೆ ಹಾಕುವಾಗ ಗಾಳಿ ಯಾವ ಕಡೆಗಿರಬೇಕು, ದೊಡ್ಡ ಒಲೆಯ ಬಾಯಿ ಎತ್ತ ಇಟ್ಟರೆ ಕಣ್ಣಿಗೆ ಹೊಗೆ ಬರುವುದಿಲ್ಲ ಅಂತ ತಾಚಿವಾ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತೋರಿಸಿದಳು. ಇಷ್ಟು ವರ್ಷ ಒಂದೇ ಅಂಗಳದಲ್ಲಿದ್ದು ಮಾನ್ಸಾ ಇದನ್ನು ಕೇಳಿರಲಿಲ್ಲ, ಮುದುಕಿ ಹೇಳಿರಲಿಲ್ಲ.

ನಾಲ್ಕನೆಯ ದಿನ ಎಬೋ ಊಟಕ್ಕೆ ಬಂದವನು ಲಾರಿಯ ಮುಂದೆ ನಿಂತ. ಬಾಗಿಲ ಹತ್ತಿರ ಹೋದ. ಬಗ್ಗಿ ನೋಡಿದ.

"ಯಾರೇ ಇದನ್ನ ಬಳಿದದ್ದು?"

"ನಾನು" ಅಂದಳು ಮಾನ್ಸಾ.

"ಗೋಡೆಗೆ ಸುಣ್ಣ ಹೊಡೆದ ಹಾಗಿದೆ! ಹೇಗೆ ಸೋರಿದೆ ನೋಡು. ರಬ್ಬರಿಗೂ ಹಚ್ಚಿದ್ದೀಯ, ಗಾಜಿಗೂ ಹಚ್ಚಿದ್ದೀಯ! ಉಜ್ಜಿದ್ರಾ ಮೊದಲು? ಪ್ರೈಮರ್ ಹೊಡೆದ್ರಾ?"

"ನಮಗೇನು ಗೊತ್ತು? ಗೊತ್ತಿರೋರು ಕಾಯಿ ಆಡೋಕೆ ಹೋಗಿದ್ರು."

ಎಬೋ ಅಂಗಿ ಬಿಚ್ಚಿ ಬೇವಿನ ಕೊಂಬೆಗೆ ತೂಗುಹಾಕಿದ. ಉಪ್ಪುಕಾಗದ ಎಲ್ಲಿ ಅಂದ. ಮೂರು ದಿನದ ಕೆಲಸವನ್ನು ಗೊಣಗುತ್ತ ಗೊಣಗುತ್ತ ಉಜ್ಜಿ ತೆಗೆದು, ಮತ್ತೆ ಮೊದಲಿಂದ ಹಚ್ಚಿದ. ಹಳದಿಯನ್ನೇ ಹಚ್ಚಿದ. ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡನೆಯ ಕೋಟು ಒಣಗಿದ ಸಂಜೆ, ಬಿಸಿಲು ಬಿದ್ದಾಗ ಇಡೀ ಅಂಗಳ ಬೆಳಗಿತು. ಅವನು ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಚೆನ್ನಾಗಿದೆ ಅಮ್ಮ."

"ನನಗೆ ಗೊತ್ತಿತ್ತು."

"ಹಣೆಗೆ ಏನು ಬರೀಬೇಕು?"

"ಮೂರು ದಿನದಿಂದ ಅದೇ ಯೋಚನೆ ಮಾಡ್ತಿದ್ದೀನಿ. ಜನ ಏನೇನೋ ಬರೆಸ್ತಾರೆ. ದೇವರು ದೊಡ್ಡೋನು ಅಂತ, ಶತ್ರು ಸಾಯಲಿ ಅಂತ. ನನಗೆ ಹಾಗೆಲ್ಲ ಏನೂ ಹೇಳೋಕಿಲ್ಲ. ತಾಚಿವಾ ಅಂತ ಬರೀರಿ. ಅದು ಸಾಕು."

ಎಸಾಬಾ ಕೆಂಪು ಅಕ್ಷರದಲ್ಲಿ ಹಣೆಯ ತುಂಬ ಬರೆದಳು. ಬರೆದು ಮುಗಿಸಿ ಬ್ರಷ್ಷು ತೊಳೆಯಲು ಹೋದಾಗ ಎಬೋ ಕೆಮ್ಮಿದ.

"ಅಮ್ಮ, ಹಿಂದಿನ ಹಲಗೆ ಮೇಲೆ, ಸಣ್ಣದಾಗಿ... ಡ್ರೈವರ್ ಕ್ವಾನ್ಸಾ ಅಂತ ಬರೆಸ್ಲಾ? ನಿನಗೆ ಬೇಡ ಅಂದ್ರೆ ಬೇಡ. ಕೇಳ್ತಿದ್ದೀನಿ ಅಷ್ಟೆ."

ಮುದುಕಿ ಎದ್ದು ಹಿಂದಿನ ಹಲಗೆಯ ಮೇಲೆ ಅಂಗೈ ಆಡಿಸಿದಳು. "ಬರೆಸು. ಅವನು ಹಿಂದೆ ಕೂತ್ಕೊಂಡು ಬರಲಿ. ಗಾಳಿ ಚೆನ್ನಾಗಿರುತ್ತೆ."

ಎಸಾಬಾ ಅದನ್ನೂ ಬರೆದು, ಎರಡೂ ಬರಹಗಳ ಫೋಟೋ ತೆಗೆದು ಫೀಫಿಗೆ ಕಳಿಸಿದಳು. ಅವನು ಉತ್ತರ ಬರೆಯಲಿಲ್ಲ. ಶನಿವಾರ ಖುದ್ದು ಬಂದ. ಸಾರಿನ ಡಬ್ಬಿ ತೊಳೆದು ತಂದಿದ್ದ. ಹಿಂದಿನ ಹಲಗೆಯ ಮುಂದೆ ನಿಂತು ಅಪ್ಪನ ಹೆಸರನ್ನು ಓದಿಕೊಂಡ. ಆಮೇಲೆ ಮುಂದೆ ಹೋಗಿ ತಾನೇ ಹೆಡ್‌ಲೈಟುಗಳನ್ನು ಕೂರಿಸಿದ.

ಅದೇ ದಿನ ಎಂಜಿನ್ ಶುರು ಮಾಡಿದರು. ಮೊದಲು ಅದು ಒಪ್ಪಲಿಲ್ಲ. ಕೆಮ್ಮಿತು, ಸುಮ್ಮನಾಯಿತು. ಬಡಗಿ ಒಟೂ, ಬೇಲಿಯಾಚೆಯ ಹೆಂಗಸರು, ಅವರ ಗಂಡಂದಿರು ಎಲ್ಲ ಸೇರಿ ಗೇಟಿನ ಕಡೆಗೆ ತಳ್ಳಿದರು. ರಸ್ತೆ ಅಲ್ಲಿಂದ ಇಳಿಜಾರು. ಲಾರಿ ಅರ್ಧ ಇಳಿಜಾರು ಉರುಳಿ, ದೊಡ್ಡದಾಗಿ ಸೀನಿ, ಕಪ್ಪು ಹೊಗೆ ಕಾರಿ, ಗುಡುಗುಡು ಅಂದಿತು. ಜನ ಕೂಗಿದರು. ಎಬೋ ಒಳಗಿಂದ ಏನೋ ಕೂಗುತ್ತಿದ್ದ, ಯಾರಿಗೂ ಕೇಳಲಿಲ್ಲ.

ಮಾನ್ಸಾ ಮಾತ್ರ ರಸ್ತೆಗೆ ಹೋಗಲಿಲ್ಲ. ಬೇವಿನ ಮರದ ಕೆಳಗೆ ಖಾಲಿಯಾದ ನೆಲದ ಮೇಲೆ ನಿಂತು ಹೆಜ್ಜೆ ಹಾಕಿ ಅಳೆಯುತ್ತಿದ್ದಳು. ಒಟೂ ಹಿಂತಿರುಗಿದಾಗ ಅವನ ಕೈಗೆ ಹಾರೆ ಕೊಟ್ಟು, ಕಂಬ ಎಲ್ಲಿ ನೆಡಬೇಕು ಅಂತ ತೋರಿಸಿದಳು.

ವಸತಿ ಶಾಲೆ ತೆರೆಯಿತು. ಹೊಸ ಒಲೆಯಲ್ಲಿ ಬೆಂದ ಕೆಂಕೆ ಬುಟ್ಟಿ ಬುಟ್ಟಿಯಾಗಿ ಸಾಲಾಗಿ ಕೂತಿತು. ಇಷ್ಟನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ, ಟ್ಯಾಕ್ಸಿಯಲ್ಲಿ ಹಿಡಿಸುವುದಿಲ್ಲ. ಮಾನ್ಸಾ ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತ ಅತ್ತೆಯ ಮುಂದೆ ಬಂದಳು.

"ಅತ್ತೆ, ಲಾರಿ ಬಾಡಿಗೆಗೆ ಸಿಗುತ್ತಾ?"

"ಸಿಗುತ್ತೆ."

"ಏನು ಕೊಡಬೇಕು?"

"ಮಧ್ಯಾಹ್ನದ ಊಟ."

"ಅದು ದಿನಾ ಹಾಕ್ತಾನೇ ಇದ್ದೀನಲ್ಲ."

"ಹಾಗಾದ್ರೆ ಹತ್ತು."

ಬುಟ್ಟಿಗಳ ಜೊತೆ ಮಾನ್ಸಾ, ತನ್ನ ಶಾಲೆಯ ರಜೆ ಇನ್ನೂ ಮುಗಿಯದ ಎಸಾಬಾ ಹಿಂದೆ ಕೂತರು. ಎಬೋ ಓಡಿಸಿದ, ತಾಚಿವಾ ಪಕ್ಕದಲ್ಲಿ. ಪೇಟೆಯ ಬೀದಿಯಲ್ಲಿ ಹೋಗುವಾಗ ಜನ ಅಂಗಡಿಗಳಿಂದ ಹೊರಗೆ ಬಂದು ಹಣೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದರು. "ತಾಚಿವಾ!" ಅಂತ ಯಾರೋ ಕೂಗಿದಾಗ ಮುದುಕಿ ಕೈ ಹೊರಗೆ ಚಾಚಿ ಬೀಸಿದಳು.

ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಬುಟ್ಟಿಗಳನ್ನು ಇಳಿಸಿದರು. ಮ್ಯಾಟ್ರನ್ ಒಂದು ಕೆಂಕೆ ಬಿಚ್ಚಿ ಮೂಸಿ, ಮುರಿದು ಬಾಯಿಗಿಟ್ಟು, ತಲೆಯಾಡಿಸಿದಳು. ಮಾನ್ಸಾಳ ಹೆಗಲು ಹಗುರಾಯಿತು. ಹಿಂತಿರುಗುವ ದಾರಿ ಶಾಲೆಯ ಆಟದ ಮೈದಾನದ ಪಕ್ಕದಲ್ಲಿತ್ತು. ಮೈದಾನ ಖಾಲಿಯಿತ್ತು.

"ನಿಲ್ಸು" ಅಂದಳು ತಾಚಿವಾ.

ಎಬೋ ನಿಲ್ಲಿಸಿದ. "ಏನಾಯ್ತಮ್ಮ?"

"ಇಳಿ. ಈ ಕಡೆ ಬಾ. ನಾನು ಆ ಕಡೆ ಬರ್ತೀನಿ."

"ಯಾಕೆ?"

"ಓಡ್ಸೋಕೆ."

ಎಬೋ ಅಮ್ಮನನ್ನು ನೋಡಿದ. ಅವಳು ಆಗಲೇ ಚಪ್ಪಲಿ ಬಿಚ್ಚಿದ್ದಳು.

"ಒಂದು ಸಲ ನಿಮ್ಮಪ್ಪನ್ನ ಕೇಳಿದ್ದೆ. ನಕ್ಕ. ಆಮೇಲೆ ನಿಲ್ದಾಣದಲ್ಲಿ ಎಲ್ಲರಿಗೂ ಹೇಳ್ದ, ಅವರೂ ನಕ್ಕರು. ಮತ್ತೆ ಕೇಳಲಿಲ್ಲ ನಾನು. ನೀನೂ ನಗೋದಾದ್ರೆ ಈಗ್ಲೇ ನಕ್ಕುಬಿಡು."

ಎಬೋಗೆ ನಗು ಬಾಯಿಯ ತನಕ ಬಂದಿತ್ತು. ಅವನು ಅದನ್ನು ನುಂಗಿಕೊಂಡು, ಗಾಡಿಯನ್ನು ಮೈದಾನದೊಳಕ್ಕೆ ತಿರುಗಿಸಿ ನಿಲ್ಲಿಸಿ ಇಳಿದ. ಮುದುಕಿ ಸ್ಟಿಯರಿಂಗಿನ ಹಿಂದೆ ಸರಿದು ಕೂತಳು. ಕಾಲು ಎಟಕಲಿಲ್ಲ. ಮಾನ್ಸಾ ಹಿಂದಿನಿಂದ ಒಂದು ಖಾಲಿ ಗೋಣಿಚೀಲವನ್ನು ಮಡಿಸಿ ಕೊಟ್ಟಳು, ಬೆನ್ನಿಗೆ. ಎಬೋ ಪಕ್ಕದ ಸೀಟು ಹತ್ತಿ, ಕ್ಲಚ್ಚು ಇದು, ಮೆಲ್ಲಗೆ ಬಿಡು, ಗೇರು ಹೀಗೆ ಅಂದ.

"ಗೊತ್ತು. ಪಕ್ಕದಲ್ಲಿ ಕೂತು ಅವನ ಕಾಲು ನೋಡಿದ್ದೀನಿ."

ಲಾರಿ ಒಮ್ಮೆ ಮುಗ್ಗರಿಸಿ ನಿಂತಿತು. ಹಿಂದೆ ಖಾಲಿ ಬುಟ್ಟಿಗಳು ಉರುಳಿದವು. ಮತ್ತೊಮ್ಮೆ ಮುಗ್ಗರಿಸಿತು. ಮೂರನೆಯ ಸಲ ಮುದುಕಿ ತುಟಿ ಕಚ್ಚಿ ಪಾದವನ್ನು ಕೆಂಕೆಯ ಎಲೆ ಬಿಚ್ಚುವಷ್ಟು ಮೆಲ್ಲಗೆ ಎತ್ತಿದಳು. ಹಳದಿ ಲಾರಿ ನಡುಗಿ, ಹುಲ್ಲಿನ ಮೇಲೆ ಚಲಿಸಿತು.

ತರಗತಿಗಳ ಕಿಟಕಿಗಳಲ್ಲಿ ಹುಡುಗಿಯರ ತಲೆಗಳು ಕಾಣಿಸಿಕೊಂಡವು. ಯಾರೋ ಒಬ್ಬಳು ಸಿಳ್ಳೆ ಹಾಕಿದಳು. ಗೋಲುಕಂಬದ ಬಳಿ ತಾಚಿವಾ ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಎಳೆದು ತಿರುಗಿಸಿದಳು. ಕಂಬಕ್ಕೂ ಬಾಗಿಲಿಗೂ ನಡುವೆ ಒಂದು ಕೈ ಜಾಗ ಉಳಿಯಿತು. ಎಬೋ ತನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತ ಕೂತಿದ್ದ. ಹಿಂದಿನಿಂದ ಮಾನ್ಸಾ "ಅತ್ತೆ, ಎಡಕ್ಕೆ! ಅತ್ತೆ, ಸೈ!" ಅಂತ ಕೂಗುತ್ತಿದ್ದಳು. ಎಸಾಬಾ ಬೆಂಚಿನ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು.

ಒಂದು ಸುತ್ತಾಯಿತು. ಮುದುಕಿಯ ಮುಖ ಬೆವೆತಿತ್ತು, ಕಣ್ಣು ಮುಂದಕ್ಕೇ ನೆಟ್ಟಿತ್ತು.

"ಸಾಕಮ್ಮ ಇವತ್ತಿಗೆ" ಅಂದ ಎಬೋ. "ಬಾ, ನಿಲ್ಸೋದು ಹೇಗೆ ಅಂತ ಹೇಳ್ಕೊಡ್ತೀನಿ."

"ಅದಕ್ಕೇನು ಅವಸರ?" ಅಂದಳು ತಾಚಿವಾ. ಎರಡನೆಯ ಸುತ್ತಿಗೆ ತಿರುಗಿಸಿದಳು.